ಟೇಪಮ್ಮನ ಮೆಟ್ಟಿಲು

"ಎಡಕ್ಕೆ... ಇನ್ನೂ ಸ್ವಲ್ಪ ಎಡಕ್ಕೆ. ಅಯ್ಯೋ, ಗೋಡೆ ತಾಗ್ತು!"

ಎರಡನೇ ಮಹಡಿಯ ತಿರುವಿನಲ್ಲಿ ಅಮ್ಮನ ಶವವಿದ್ದ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಮುಂದೆ ಹಿಡಿದಿದ್ದ ಮುದಿ ಮೇಸ್ತ್ರಿಯ ಬೆನ್ನು ಗೋಡೆಗೆ ಒತ್ತಿತ್ತು. ಬಾಡಿಗೆ ಮನೆಯ ಹಳೇ ಕಟ್ಟಡ; ಒಬ್ಬರು ಹತ್ತಿದರೆ ಇನ್ನೊಬ್ಬರು ಹಲ್ಲಿಯ ಹಾಗೆ ಗೋಡೆಗಂಟಬೇಕು.

"ನೆಟ್ಟಗೆ ನಿಲ್ಲಿಸಿ ಇಳಿಸದೆ ಬೇರೆ ದಾರಿ ಇಲ್ಲ ತಾಯೀ," ಎಂದ ಮೇಸ್ತ್ರಿ.

"ನಮ್ಮಮ್ಮ ಏನು ಮೂಟೇನಾ?" ಎಂದಳು ಮಗಳು. "ಮಲಗಿರೋ ಹಾಗೇ ಇಳಿಸಿ."

"ನನಗೇನು ಆಸೇನಾ? ಈ ಮೆಟ್ಟಿಲು ಕಟ್ಟಿದೋನು ಕೈಗೆ ಸಿಕ್ಕಿದ್ರೆ..."

ಕೊನೆಗೆ ಎದೆ, ಸೊಂಟ, ಮಂಡಿಗಳನ್ನು ಹೊದಿಕೆಯಿಂದ ಬಿಗಿದು ನಿಲ್ಲಿಸಿದರು. ತಲೆ ಮುಂದಕ್ಕೆ ಜೋಲಿತು. ಮಗಳು ಹಿಮ್ಮುಖವಾಗಿ ಇಳಿಯುತ್ತ, ಬೀದಿ ಬರುವ ತನಕ ಅಮ್ಮನ ಹಣೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದಳು.

"ಊರಿಗೆಲ್ಲ ಮನೆ ಕಟ್ಟಿಸಿದೋಳು," ಎಂದಳು ಅಪ್ಪನಿಗೆ, "ತಾನು ಇಳಿಯೋಕೆ ಜಾಗ ಇಟ್ಕೊಳ್ಳಲಿಲ್ಲ ನೋಡಿ."

ಅಪ್ಪ ವ್ಯಾನಿನ ಬಾಗಿಲು ತೆರೆದರು.

*

ಕೂಲಿಯವರಿಗೆ, ಬೀದಿ ಬದಿ ಮಾರುವವರಿಗೆ ಕಡಿಮೆ ಬೆಲೆಯ ಮನೆ ಕಟ್ಟಿಸುವ ಯೋಜನೆಗೆ ಎಷ್ಟೋ ವರ್ಷಗಳ ಹಿಂದೆ ಅಮ್ಮನೇ ಮುಖ್ಯಸ್ಥೆ. ಕತ್ತಿನಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಕೆಲಸದವರ ಬಾಯಲ್ಲಿ ಟೇಪಮ್ಮ. ಕಾಗದದ ಮೇಲಿನ ನಕ್ಷೆಯನ್ನು ಅವಳು ಸುಲಭಕ್ಕೆ ನಂಬುವವಳಲ್ಲ. ಬಯಲಲ್ಲಿ ಇಟ್ಟಿಗೆ ಜೋಡಿಸಿ, ನಿಜವಾದ ಅಳತೆಯಲ್ಲೇ ಒಂದು ಮಾದರಿ ಮಾಡಿಸಬೇಕು. ಅದರಲ್ಲಿ ಹತ್ತಿ, ಇಳಿದು, ಬಗ್ಗಿ, ಕೂತು ನೋಡಬೇಕು.

"ಮೇಡಂ, ಮೆಟ್ಟಿಲು ಇಷ್ಟೇ ಅಗಲ ಸಾಕು," ಎಂದರು ಕಂಟ್ರಾಕ್ಟರು, ಮಾದರಿಯ ಮುಂದೆ ನಿಂತು. "ಜನ ನಡ್ಕೊಂಡು ತಾನೇ ಹೋಗೋದು?"

"ಎಲ್ಲರೂ, ಯಾವಾಗಲೂ ನಡ್ಕೊಂಡೇ ಹೋಗ್ತಾರಾ?"

ಅವಳು ಒಂದು ಬಾಗಿಲ ಹಲಗೆ ತರಿಸಿ, ಮೆಟ್ಟಿಲ ತುದಿಯಲ್ಲಿ ಇಡಿಸಿ, ಅದರ ಮೇಲೆ ಮಲಗಿಯೇಬಿಟ್ಟಳು.

"ಹೂಂ, ಎತ್ತಿ. ಸತ್ತಿದ್ದೀನಿ ಅಂದ್ಕೊಳ್ಳಿ."

"ಬಿಡ್ತು ಅನ್ನಿ ಮೇಡಂ!"

"ಎತ್ರೀ."

ತಿರುವಿನಲ್ಲಿ ಹಲಗೆ ವಾಲಿತು. ಟೇಪಮ್ಮ ಜಾರಿ ಮರಳ ರಾಶಿಗೆ ಬಿದ್ದಳು. ಎಲ್ಲರ ಜೀವ ಬಾಯಿಗೆ ಬಂತು. ಅವಳು ಮಾತ್ರ ಕೂದಲೊಳಗಿನ ಮರಳು ಕೊಡವುತ್ತ ಎದ್ದಳು.

"ಸತ್ತೋಳನ್ನೂ ಎಬ್ಬಿಸಿ ನಿಲ್ಲಿಸೋ ಮೆಟ್ಟಿಲು ಇದು. ಒಡೀರಿ."

*

ವ್ಯಾನು ಸ್ಮಶಾನದ ರಸ್ತೆ ಹಿಡಿಯುವ ಮೊದಲು ಮೇಸ್ತ್ರಿ ಅಳುಕುತ್ತ ಕೇಳಿದ: "ಮೇಡಮ್ಮೋರು ಕಟ್ಟಿಸಿದ ಕಾಲೋನಿ ಕಡೆ ಹೋಗೋಣ್ವಾ ತಾಯೀ? ನಾಲ್ಕನೇ ಮಹಡೀಲಿ ನಮ್ಮಕ್ಕ ಹಾಸಿಗೆ ಹಿಡಿದಿದ್ದಾಳೆ. ಅಲ್ಲಾಡಿಸಬೇಡಿ ಅಂದಿದ್ದಾರೆ ಡಾಕ್ಟ್ರು. ಮೇಡಮ್ಮೋರನ್ನ ಒಂದು ಸಲ ತೋರಿಸು ಅಂತ ಬೆಳಿಗ್ಗೆಯಿಂದ ನನ್ನ ಜೀವ ತಿಂತಿದ್ದಾಳೆ."

"ಮತ್ತೆ ಮೆಟ್ಟಿಲಾ? ಇನ್ನೊಂದ್ಸಲ ಅಮ್ಮನ್ನ ಕಟ್ಟೋಕೆ ನಾನು ಬಿಡಲ್ಲ."

"ಕಟ್ಟೋದು ಬೇಡ ಕಣೇ," ಎಂದರು ಅಪ್ಪ. "ಅದು ನಿಮ್ಮಮ್ಮನ ಮೆಟ್ಟಿಲು. ನೀನು ಯಾವತ್ತಾದ್ರೂ ಹತ್ತಿದ್ದೀಯಾ?"

ಮಗಳು ಹತ್ತಿರಲಿಲ್ಲ. ಅಮ್ಮನ ಕೆಲಸವೆಂದರೆ ಅವಳಿಗೆ ತಡವಾಗುವ ಊಟ, ಬಾಗಿಲ ಬಳಿ ಸಿಮೆಂಟು ಮೆತ್ತಿದ ಚಪ್ಪಲಿ, ಅಷ್ಟೇ.

ಸ್ಟ್ರೆಚರ್ ಹತ್ತತೊಡಗಿತು. ಮೊದಲ ತಿರುವಿನಲ್ಲಿ ಮಗಳು ಓಡಿಹೋಗಿ ಅಮ್ಮನ ತಲೆಗೆ ಕೈ ಕೊಟ್ಟಳು. ಹೊತ್ತವರು ನಿಲ್ಲಲಿಲ್ಲ, ಒಬ್ಬರಿಗೊಬ್ಬರು ಕೂಗಲಿಲ್ಲ, ಸುಮ್ಮನೆ ತಿರುಗಿದರು. ಹೊದಿಕೆಯ ಅಂಚು ಕೂಡ ಸರಿಯಲಿಲ್ಲ. ಮುಂದಿನ ತಿರುವಿನಲ್ಲಿ ಅವಳು ಉಸಿರು ಬಿಗಿಹಿಡಿದು ನೋಡಿದಳು. ಅದರಾಚೆಯದರಲ್ಲಿ ಕೈ ತಾನಾಗಿ ಕೆಳಗಿಳಿಯಿತು.

ನಾಲ್ಕನೇ ಮಹಡಿಯಲ್ಲಿ, ಮೇಸ್ತ್ರಿಯ ಮುದಿ ಅಕ್ಕನ ಮಂಚದ ಪಕ್ಕಕ್ಕೇ ಸ್ಟ್ರೆಚರ್ ಇಳಿಸಿದರು.

"ಬಂದ್ರಾ ಮೇಡಮ್ಮೋರೇ?" ಎಂದಳು ಅಜ್ಜಿ, ಮನೆಗೆ ಬಂದ ನೆಂಟರನ್ನು ಕೇಳುವಂತೆ. "ಈ ಸಲ ಗೋಡೆಗೆ ನೀಲಿ ಹೊಡೆಸ್ದೆ. ಚೆನ್ನಾಗಿದೆಯಾ?"

ಮಗಳು ನೀಲಿ ಗೋಡೆಯತ್ತ ನೋಡಿದಳು.

"ತುಂಬಾ ಚೆನ್ನಾಗಿದೆ ಅಜ್ಜಿ," ಎಂದಳು ಮಗಳು.

ಇಳಿಯುವಾಗ ಹೊರಗೆ ನೋಡಿದರೆ, ಎದುರಿನ ಕಟ್ಟಡಗಳ ತೆರೆದ ಮೆಟ್ಟಿಲುಗಳ ಮೇಲೆಲ್ಲ ಜನ. ಬುಡದಿಂದ ತುದಿಯ ಮಹಡಿಯವರೆಗೆ, ಕಟ್ಟಡದಾಚೆ ಕಟ್ಟಡ, ಕಣ್ಣು ಹೋಗುವಷ್ಟು ದೂರವೂ ಮೆಟ್ಟಿಲಿಗೊಬ್ಬರಂತೆ ನಿಂತಿದ್ದರು. ಕೂಸುಗಳನ್ನು ಎತ್ತಿಕೊಂಡವರು, ಊರುಗೋಲಿನವರು, ಕೆಲಸದ ಬಟ್ಟೆಯಲ್ಲೇ ಬಂದವರು.

ಹೊದಿಕೆಯಡಿಯಿಂದ ಅಮ್ಮನ ಕೈ ತೆಗೆದು ಹಿಡಿದುಕೊಂಡು, ಮಗಳು ಸ್ಟ್ರೆಚರಿನ ಹಿಂದಲ್ಲ, ಮುಂದಲ್ಲ, ಪಕ್ಕದಲ್ಲೇ ಒಂದೊಂದೇ ಮೆಟ್ಟಿಲಿಳಿದು ಹೋದಳು.