ಲಕ್ಕವ್ವ ಬರೆಸಿದ ಹೇಳಿಕೆ

ಹುನಗುಂದದ ಸರ್ಕಾರಿ ದವಾಖಾನೆಯ ನರ್ಸ್ ಸುನಿತಾಗೆ ಎರಡು ಸಾವಿರದ ನಾಲ್ಕನೇ ಇಸವಿಯ ಆ ಮೂರು ತಿಂಗಳು ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಹುನಗುಂದ ಮುಟ್ಟುವಷ್ಟರಲ್ಲಿ ಐರ್ಲೆಂಡಿಗೆ ಹೋಗುವುದು ಪಕ್ಕಾ ಆಗಿರುತ್ತಿತ್ತು. ಸಂಜೆ ತಿರುಗಿ ಬರುವಾಗ, ಛೇ, ಹನ್ನೆರಡು ವರ್ಷದ ಪರ್ಮನೆಂಟ್ ನೌಕರಿ, ಮುಂದೆ ಪೆನ್ಶನ್, ಇದನ್ನು ಬಿಟ್ಟು ಹೋಗುವವಳು ಹುಚ್ಚಿ ಎಂದುಕೊಳ್ಳುತ್ತ ಇಳಿಯುತ್ತಿದ್ದಳು. ಕಂಡಕ್ಟರನಿಗೆ ಗೊತ್ತಾಗಿದ್ದರೆ, ಹುನಗುಂದದ ಟಿಕೆಟಿನಲ್ಲಿ ದಿನಾ ಐರ್ಲೆಂಡಿಗೆ ಹೋಗಿ ಬರುತ್ತೀರಲ್ಲ ಎಂದು ಜಗಳ ತೆಗೆಯುತ್ತಿದ್ದ.

ಬೆಂಗಳೂರಿಗೆ ಹೋಗಿ ಸಂದರ್ಶನ ಕೊಟ್ಟು ಬಂದಿದ್ದಳು. ಆ ದೇಶದ ದೊಡ್ಡ ಆಸ್ಪತ್ರೆಯೊಂದು ಬಾ ಎಂದು ಪತ್ರ ಕಳಿಸಿತ್ತು. ಡಿಸೆಂಬರ್ ಹದಿನೈದರೊಳಗೆ ಪಾಸ್‌ಪೋರ್ಟಿನ ಪ್ರತಿ ಕಳಿಸಬೇಕು, ಇಲ್ಲಿಯ ನೌಕರಿಗೆ ರಾಜೀನಾಮೆ ಕೊಡಬೇಕು. ಮೊದಲ ವರ್ಷ ಒಬ್ಬಳೇ ಇರಬೇಕು. ಆಮೇಲೆ ಗಂಡ ವೀರೇಶ, ಒಂಬತ್ತು ವರ್ಷದ ಮಗಳು ಪ್ರೀತಿ ಹೋಗಬಹುದು.

ರೊಕ್ಕಕ್ಕಾಗಿ ಹೊರಟಿದ್ದಾಳೆ ಎಂದು ದವಾಖಾನೆಯಲ್ಲಿ ಎಲ್ಲರೂ ತಿಳಿದಿದ್ದರು. ರೊಕ್ಕ ಬೇಡ ಎನ್ನಲು ಆಕೆಯೇನು ಸನ್ಯಾಸಿಯಲ್ಲ. ಆದರೆ ಹನ್ನೆರಡು ವರ್ಷ ಅದೇ ವಾರ್ಡು, ಅದೇ ರಜಿಸ್ಟರು. ಕೇಸು ಸ್ವಲ್ಪ ಬಿಗಡಾಯಿಸಿದರೆ ಬಾಗಲಕೋಟೆಗೆ ಒಯ್ಯಿರಿ ಎಂದು ಡಾಕ್ಟರರ ಚೀಟಿ ಕೈಗಿಟ್ಟು ಕಳಿಸುವುದು. ಹಾಗೆ ಒಯ್ದವರಿಗೆ ಮುಂದೇನು ಮಾಡುತ್ತಾರೋ ಅದನ್ನು ಒಮ್ಮೆಯಾದರೂ ತನ್ನ ಕೈಯಾರೆ ಮಾಡಬೇಕು ಎಂಬ ಹಸಿವು ಆಕೆಗೆ. ಇದನ್ನು ಬಾಯಿಬಿಟ್ಟು ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಆಕೆ ಬಯಸಿದ್ದು ಇಷ್ಟೇ: ಯಾರಾದರೂ ಒಬ್ಬರು ಹೋಗು ಎನ್ನಲಿ, ಇಲ್ಲ ಬೇಡ ಎನ್ನಲಿ. ಗಂಡನನ್ನು ಕೇಳಿದಳು. ವೀರೇಶ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಲಾಳಿ ನಿಲ್ಲಿಸಲಿಲ್ಲ.

"ನಿನಗ ಹೆಂಗ ಬರೋಬ್ಬರಿ ಅನಸ್ತೈತಿ, ಹಂಗ ಮಾಡು."

"ನಿಮಗೇನ ಅನಸ್ತೈತಿ, ಅದನ್ನ ಹೇಳ್ರಿ."

"ನಾ ಬ್ಯಾಡ ಅಂದ್ರ ಜೀವನಪೂರ್ತಿ ನನ್ನ ಮ್ಯಾಲ ಬರ್ತೈತಿ. ಹೋಗು ಅಂದು ಅಲ್ಲೇನರ ತ್ರಾಸ ಆತಂದ್ರ, ಅದೂ ನನ್ನ ಮ್ಯಾಲ."

ಗಂಡಂದಿರ ಜಾಣತನವೆಲ್ಲ ಇಂಥ ಹೊತ್ತಿನಲ್ಲೇ ಹೊರಗೆ ಬರುವುದು. ದವಾಖಾನೆಯ ಆಯಾ ಹನಮವ್ವನನ್ನು ಕೇಳಿದರೆ ಅವಳದು ಇನ್ನೊಂದು ತರಹ. "ಅಕ್ಕಾರ, ನೌಕರಿಯೊಳಗ ಸತ್ತವ್ರನ್ನ ನೋಡೇನ್ರಿ, ರಿಟೈರ್ ಆದವ್ರನ್ನ ನೋಡೇನ್ರಿ. ಸರಕಾರಿ ನೌಕರಿ ತಾವಾಗೇ ಬಿಟ್ಟವ್ರನ್ನ ಇನ್ನಾ ನೋಡಿಲ್ಲ" ಎಂದಳು.

ಅತ್ತೆ ಲಕ್ಕವ್ವನನ್ನು ಮಾತ್ರ ಕೇಳಿರಲಿಲ್ಲ, ಧೈರ್ಯವೇ ಬಂದಿರಲಿಲ್ಲ. ಸುನಿತಾ ನರ್ಸಿಂಗ್ ಕಲಿತದ್ದು ಮದುವೆಯಾದ ಮೇಲೆ. ಹೊಸ ಸೊಸೆಯನ್ನು ಬಾಗಲಕೋಟೆಯ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಾರಂತೆ ಎಂದು ನೇಕಾರ ಓಣಿಯೆಲ್ಲ ಬಾಯಿಗೆ ಬಂದದ್ದು ಆಡಿದಾಗ, ಎದ್ದು ನಿಂತು ಅವರ ಬಾಯಿ ಮುಚ್ಚಿಸಿದವಳು ಲಕ್ಕವ್ವ. ಅಂಥವಳಿಗೆ ಈಗ ಯಾವ ಮುಖದಿಂದ ಹೇಳುವುದು? ಅರ್ಜಿ ಹಾಕಿಯಾಗಿದೆ, ಪಾಸ್‌ಪೋರ್ಟ್ ಬರಲಿ, ಆಮೇಲೆ ಹೇಳಿದರಾಯಿತು ಎಂದು ದಿನ ದೂಡಿದಳು.

ಪಾಸ್‌ಪೋರ್ಟ್ ಬರಲಿಲ್ಲ. ನವೆಂಬರ್ ಕೊನೆಗೆ ಒಂದು ಕಾಗದ ಬಂತು: ಪೊಲೀಸ್ ವರದಿಯ ಪ್ರಕಾರ ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ.

ಓದಿದ ಕೂಡಲೇ ಸುನಿತಾಗೆ ಆದದ್ದು ಸಂತೋಷ. ಹೌದು, ಸಂತೋಷವೇ. ಇನ್ನು ಯೋಚಿಸುವ ಗೋಜೇ ಇಲ್ಲ ಎಂದು ಚಹಾ ಮಾಡಿಕೊಂಡು ಕುಡಿದಳು. ಲೋಟ ತೊಳೆದಿಡುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ಹದಿನಾರು ವರ್ಷ ಈ ಮನೆಯ ಕಸ ಹೊಡೆದವಳು ಇಲ್ಲಿ ವಾಸವಿಲ್ಲವಂತೆ! ಹಾಗೆ ಹೇಳಿದವರು ಯಾರು?

ಪಕ್ಕದ ಮನೆಯ ದಸ್ತಗೀರಬಿ ನೋಡಿದ್ದಳು. ಹಿಂದಿನ ತಿಂಗಳು ಒಬ್ಬ ಪೊಲೀಸ್ ಬಂದಿದ್ದ. ವೀರೇಶ ನೂಲು ತರಲು ಹೋಗಿದ್ದ. ಲಕ್ಕವ್ವ ಬಾಗಿಲಲ್ಲೇ ಮಾತಾಡಿ ಅವನನ್ನು ಕಳಿಸಿದ್ದಳು. ಪೊಲೀಸರು ಹೆಸರು ಹಿಡಿದು ಕೇಳುತ್ತ ಬಂದರೆ ನಮ್ಮ ಕಡೆಯ ಹಿರಿಯರಿಗೆ ಗೊತ್ತಿರುವ ಉತ್ತರ ಒಂದೇ: ಅಂಥವರು ಇಲ್ಲಿ ಯಾರೂ ಇಲ್ಲ. ಆ ಹೆಸರಿನವನು ಒಳಗೆ ರೊಟ್ಟಿ ಮುರಿಯುತ್ತ ಕೂತಿದ್ದರೂ ಅದೇ ಉತ್ತರ. ಸುನಿತಾ ಕೇಳಿದಾಗ ಲಕ್ಕವ್ವ ರಾಟೆ ತಿರುವುತ್ತ, "ಅಂಜಿಕಿ ಬಂತವ್ವಾ, ಇಲ್ಲ ಅಂದಬಿಟ್ಟೆ" ಎಂದಳು. ಪಾಸ್‌ಪೋರ್ಟ್ ಯಾಕೆ, ಯಾವ ದೇಶಕ್ಕೆ ಎಂದು ಒಂದು ಮಾತೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಸುನಿತಾಗೆ ಸಮಾಧಾನವೇ ಆಯಿತು.

ಸುನಿತಾ ವಿಚಾರಿಸಿದ್ದಕ್ಕೆ, ಹೇಳಿಕೆ ಕೊಟ್ಟವರೇ ಬಾಗಲಕೋಟೆಗೆ ಬಂದು ಬೇರೆ ಹೇಳಿಕೆ ಬರೆಸಬೇಕು ಎಂದು ಅಲ್ಲಿಯ ಪೊಲೀಸ್ ಕಚೇರಿಯಿಂದ ಉತ್ತರ ಬಂತು. ಗಡುವಿಗೆ ಹನ್ನೊಂದು ದಿನ ಉಳಿದಿತ್ತು. ಅತ್ತೆ ಸೊಸೆ ಇಬ್ಬರೂ ಬೆಳಗಿನ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಸುನಿತಾ ಕಾಗದದ ಚೀಲ ಬಿಚ್ಚುವುದು, ಎಣಿಸುವುದು, ಕಟ್ಟುವುದು. ಅಮೀನಗಡದಲ್ಲಿ ಬಸ್ಸು ನಿಂತಾಗ ಲಕ್ಕವ್ವ ಮೊಮ್ಮಗಳಿಗೆ ಕರದಂಟು ಕೊಂಡಳು.

ಕಚೇರಿಯಲ್ಲಿ ಕಾಶಪ್ಪ ಎಂಬ ಗುಮಾಸ್ತ ಒಳ್ಳೆಯ ಮನುಷ್ಯ. ಪೆನ್ನು ಬಿಚ್ಚಿ, ಕೆಲಸ ಹಗುರ ಮಾಡಿಕೊಟ್ಟ. "ಪೊಲೀಸರನ್ನ ನೋಡಿ ಅಂಜಿ ಇಲ್ಲ ಅಂದೆ ಅಂತ ಬರೀತೇನಿ, ಆತಿಲ್ಲೋ ಯಮ್ಮಾ?"

"ಬ್ಯಾಡ್ರಿ ಸಾಹೇಬ್ರ, ಅದು ಸುಳ್ಳ" ಎಂದಳು ಲಕ್ಕವ್ವ. "ನಾ ಅಂಜಿಲ್ಲ. ಬಂದವ ಛಲೋ ಮನಶಾ. ಹೊರದೇಶಕ್ಕ ಹೋಗವ್ರ ಕಾಗದ ಇದು, ನಿಮ್ಮ ಸೊಸಿ ಇಲ್ಲೇ ಇರ್ತಾರೇನು ಅಂತ ತಿಳಿಸಿ ಕೇಳ್ದ. ಇರ್ತಾಳ ಅಂದ್ರ ಹೋಗ್ತಾಳ ಅಂತ ನನಗ ತಿಳೀತು. ಅದಕ್ಕ ಇರೂದಿಲ್ಲ ಅಂದೆ."

ಕಾಶಪ್ಪನ ಪೆನ್ನು ಅಲ್ಲೇ ನಿಂತಿತು. ಸುನಿತಾಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು, ಕರುಳೂ ಚುರ್ರೆಂದಿತು, ಎರಡೂ ಒಮ್ಮೆಲೇ. ತಾನು ಮುಚ್ಚಿಟ್ಟುಕೊಂಡು ತಿರುಗಿದ್ದನ್ನು ಈ ಮುದುಕಿ ಒಂದು ತಿಂಗಳಿನಿಂದ ಎದೆಯಲ್ಲಿಟ್ಟುಕೊಂಡು ರಾಟೆ ತಿರುವಿದ್ದಾಳೆ ಎಂದು ನಾಚಿಕೆಯೂ ಆಯಿತು.

"ಮತ್ತ ಈಗೇನ ಬರೀಲಿ?" ಎಂದ ಕಾಶಪ್ಪ.

ಲಕ್ಕವ್ವ ಸೊಸೆಯ ಕಡೆ ತಿರುಗಿದಳು. "ನೀ ಹೇಳು. ನಮ್ಮ ಮನ್ಯಾಗ ಇರ್ತಾಳ ಅಂತ ಬರಸಿದ್ರ, ನೀ ಹೋಗ್ತೀ ಹೌದಿಲ್ಲೋ?"

ಮೂರು ತಿಂಗಳು ಸುನಿತಾ ಕಾದದ್ದು ಇದಕ್ಕೇ ಅಲ್ಲವೇ? ಒಬ್ಬರಾದರೂ ಬೇಡ ಎನ್ನಲಿ ಎಂದು. ಈಗ ಅತ್ತೆ ಬೇಡ ಎಂದದ್ದಾಯಿತು, ಅದೂ ಪೊಲೀಸರ ಮುಂದೆ. ಅತ್ತೆಯ ಮಾತು ಎದೆಗೆ ನಾಟಿತು, ಕಣ್ಣಲ್ಲಿ ನೀರೂ ಬಂತು, ಆದರೆ ಒಳಗಿನ ಹಸಿವು ಮಾತ್ರ ಇದ್ದಲ್ಲಿಂದ ಅಲುಗಲಿಲ್ಲ. ನೋಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ಹೋಗ್ತೇನ್ರಿ, ಅತ್ತಿ."

ಲಕ್ಕವ್ವ ಮೇಜಿನ ಕಡೆ ತಿರುಗಿ ಕೂತಳು. ಆಮೇಲೆ ಕಾಶಪ್ಪನಿಗೆ ಹೇಳಿದಳು: "ಬರಕೋರಿ. ಈಕಿ ನನ್ನ ಸೊಸಿ. ಹದಿನಾರು ವರ್ಷಾತು, ನನ್ನ ಮನ್ಯಾಗ ಇರ್ತಾಳ."

ಆತ ಬರೆದು ಓದಿ ಹೇಳಿದ. ಲಕ್ಕವ್ವ ಮಸಿಗೆ ಹೆಬ್ಬೆಟ್ಟು ಅದ್ದಿ ತೋರಿಸಿದಲ್ಲಿ ಒತ್ತಿದಳು. ಹೊರಗೆ ವರಾಂಡಕ್ಕೆ ಬಂದ ಮೇಲೆ ಹೇಳಿದಳು:

"ಹೋಗು ಅನ್ನೂದು ನನ್ನ ಬಾಯಿಂದ ಬರೂದಿಲ್ಲ ಸುನಿತಾ. ಹೇಳಸಬ್ಯಾಡ."

ಸುನಿತಾ ಹೇಳಿಸಲಿಲ್ಲ. ಅತ್ತೆಯ ಹೆಬ್ಬೆಟ್ಟಿನ ಮಸಿಯನ್ನು ತನ್ನ ಸೆರಗಿನಿಂದಲೇ ಒರೆಸಿ, ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಕಾಗದ ಹಿಡಿದು ಸಾಹೇಬರ ಸಹಿಯ ಸಾಲಿನಲ್ಲಿ ನಿಂತಳು.