ಮುಂಗೋಪಿಯ ಹದಿನಾಲ್ಕು ಕೆಂಪು ಸಾಲು

ಹೊಸದಾಗಿ ಸೇರಿದ ಹುಡುಗಿಯ ಲೆಕ್ಕದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ. ಬೇರೆ ಕೆಲಸವಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಅವಳ ಕೆಲಸವೇ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಮೂರು ತಿಂಗಳಲ್ಲಿ ಒಂದೂ ಸಿಕ್ಕಿರಲಿಲ್ಲ. ಉಳಿಸಿಕೊಳ್ಳುವುದೋ ಮನೆಗೆ ಕಳಿಸುವುದೋ, ಇವತ್ತು ಸಂಜೆ ಮ್ಯಾನೇಜರ್ ಹೇಳುವವರಿದ್ದರು.

ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆ ಬರೆದುಕೊಡುವ ಸಾಫ್ಟ್‌ವೇರ್ ಅದು. ಅದರಲ್ಲಿ ಏನೇ ಬದಲಾಯಿಸಿದರೂ ಹಳೆಯ ನಕ್ಷೆಗಳನ್ನೆಲ್ಲ ಮೂರು ಬಗೆಯ ಕಂಪ್ಯೂಟರಿನಲ್ಲಿ ಮತ್ತೆ ಬರೆಸಿ, ಮೊದಲಿನಂತೆಯೇ ಬಂತೇ ಎಂದು ತಾಳೆ ನೋಡಬೇಕು. ಎರಡು ಕಂಪ್ಯೂಟರು ಸಾಧುಪ್ರಾಣಿಗಳು. ಮೂರನೆಯದಕ್ಕೆ ಮುಂಗೋಪಿ ಎಂದೇ ಹೆಸರು. ದಶಾಂಶದ ಕೊನೆಯಲ್ಲಿ ತನ್ನದೇ ರಾಗ ಎಳೆದು, ತಾಳೆಯಾಗದ ನಕ್ಷೆಗೊಂದರಂತೆ ದಿನಾ ಹದಿನಾಲ್ಕು ಕೆಂಪು ಸಾಲು ಕಾರುತ್ತಿತ್ತು.

“ಎಷ್ಟು ಬಂತು?” ಎಂದ ಪಕ್ಕದ ಮೇಜಿನ ಸೀನಿಯರ್. ಎಲ್ಲದಕ್ಕೂ ಆಗ್ಲಿ ಬಿಡು ಅಂದೂ ಅಂದೂ ಅವನಿಗೆ ಅದೇ ಹೆಸರು ಅಂಟಿಕೊಂಡಿತ್ತು.

“ಹದಿನಾಲ್ಕು.”

“ಮಾಮೂಲು ಕೋಟಾ. ಆಗ್ಲಿ ಬಿಡು. ನಾಳೆ ಬಿಡುಗಡೆ, ಸುಮ್ನೆ ಸರಿ ಅಂತ ಬರಿ.”

“ಸರ್, ಯಾವತ್ತಾದ್ರೂ ಇವನ್ನ ತೆಗೆದು ನೋಡಿದೀರಾ?”

“ಎಣಿಸಿದೀನಲ್ಲ!”

ಹೇಗೂ ಹೋಗುವ ಕೆಲಸ ಎಂದುಕೊಂಡು ಅವಳು ಹದಿನಾಲ್ಕೂ ನಕ್ಷೆಗಳನ್ನು, ಜೊತೆಗೆ ಅವುಗಳ ಸರಿಯಾದ ಪ್ರತಿಗಳನ್ನು ಅಚ್ಚು ಹಾಕಿದಳು. ಊಟದ ಬಿಡುವಿನಲ್ಲಿ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದುರು ರಸ್ತೆಯ ಟೈಲರ್ ಅಂಗಡಿಗೆ ನುಗ್ಗಿದಳು. ಅಂಗಡಿ ಅವಳ ಚಿಕ್ಕಮ್ಮನದು.

ಚಿಕ್ಕಮ್ಮ ಊಟದ ಡಬ್ಬಿ ಸರಿಸಿ, ಒಂದರ ಮೇಲೊಂದು ಹಾಳೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು.

“ಎಲ್ಲೇ ವ್ಯತ್ಯಾಸ? ನನ್ನ ದಾರ ಇದಕ್ಕಿಂತ ದಪ್ಪ. ಇದಕ್ಕೂ ಸಂಬಳ ಕೊಡ್ತಾರಾ ನಿಮಗೆ?”

ಹನ್ನೆರಡು ನಕ್ಷೆ ಹೀಗೇ ಬೈಸಿಕೊಂಡು ಪಕ್ಕಕ್ಕೆ ಬಿದ್ದವು. ಹದಿಮೂರನೆಯದಕ್ಕೆ ಕೈ ನಿಂತಿತು.

“ಈ ಶರ್ಟು ಯಾರಿಗಮ್ಮಾ? ಎರಡೂ ಎಡಗೈ ಇರೋನಿಗಾ?”

ಬಲತೋಳಿನ ಜಾಗದಲ್ಲೂ ಎಡತೋಳೇ ಕೂತಿತ್ತು.

“ಚಿಕ್ಕಮ್ಮಾ, ನಿನ್ನ ಬಾಯಿಗೆ ಸಕ್ಕರೆ ಹಾಕ!”

“ಸಕ್ಕರೆ ಆಮೇಲೆ. ಮೊದ್ಲು ಕೊನೇದನ್ನೂ ತೋರ್ಸು.”

ಅದರಲ್ಲೂ ದಾರದಷ್ಟೇ ವ್ಯತ್ಯಾಸ. ಅವಳು ಆಫೀಸಿಗೆ ಓಡಿದಳು. ನಿನ್ನೆಯ ಪಟ್ಟಿಯನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟು ನೋಡಿದಳು. ನಿನ್ನೆ ಪಟ್ಟಿ ಬಂದ ಮೇಲೆ ಮಾಡಿದ ಬದಲಾವಣೆಯಿಂದ ಒಂದು ಕಾಲರಿನ ಸಾಲು ತಾನಾಗಿ ಸರಿಹೋಗಿತ್ತು. ಅದೇ ಬದಲಾವಣೆ ಮುಂಗೋಪಿಯಲ್ಲಿ ತೋಳನ್ನು ಕೆಡಿಸಿತ್ತು. ಒಂದು ಹೋಗಿ ಒಂದು ಬಂದಿತ್ತು. ಮೊತ್ತ ಮಾತ್ರ ಹದಿನಾಲ್ಕೇ.

ಸೀನಿಯರ್ ಕಣ್ಣುಜ್ಜಿಕೊಂಡ. “ಅಲ್ಲ ಕಣೇ, ಹೋದವನ ಕುರ್ಚೀಲಿ ಇನ್ನೊಬ್ಬ ಬಂದು ಕೂತಿದಾನೆ. ನಾನು ಬರೀ ಕುರ್ಚಿ ಎಣಿಸಿದೀನಿ.”

ಮ್ಯಾನೇಜರ್ ನಕ್ಷೆಯನ್ನು ತಮ್ಮ ಬಲಭುಜಕ್ಕೆ ಹಿಡಿದು ನೋಡಿದರು. ಒಮ್ಮೆ ನಕ್ಕರು, ಆಮೇಲೆ ನಗಲಿಲ್ಲ. “ಬಿಡುಗಡೆ ನಿಲ್ಲಿಸಿ. ದಾರದಷ್ಟು ವ್ಯತ್ಯಾಸ ಇದ್ರೆ ಬಿಡೋಣ, ಜಾಸ್ತಿ ಇದ್ರೆ ಹಿಡೀಬೇಕು. ಇನ್ಮೇಲೆ ಮುಂಗೋಪಿ ಪಟ್ಟೀನ ಬರೀ ಎಣಿಸದೆ, ಒಂದೊಂದೇ ನಕ್ಷೆ ಹೆಸರು ಹಿಡಿದು ನೋಡೋದು ಈ ಹುಡುಗಿ ಕೆಲಸ. ಸೋಮವಾರ ಬೇಗ ಬಾಮ್ಮ.”

ಹೋದದ್ದು ಇಷ್ಟು: ಬಿಡುಗಡೆಯ ಮೂರು ದಿನ, ಇಪ್ಪತ್ತೆಂಟು ಹಾಳೆ, ಇಬ್ಬರ ಮಧ್ಯಾಹ್ನದ ಊಟ.