ಒಳಕೋಣೆಯ ಕೆಂಪು ಚುಕ್ಕಿ

ಮೊಬೈಲಿನ ತುಂಬ ಸೊನ್ನೆ. ಟಿವಿ ಸೊನ್ನೆ, ಸೆಟ್‌ಟಾಪ್ ಬಾಕ್ಸು ಸೊನ್ನೆ, ಮಿಕ್ಸಿ ಸೊನ್ನೆ, ಕೊನೆಗೆ ಫ್ಯಾನೂ ಸೊನ್ನೆ. ಸಿಂಧನೂರಿನ ರೈಸ್‌ಮಿಲ್ಲಿನಲ್ಲೇ ಉಳಿದು ಮೋಟಾರು ನೋಡಿಕೊಳ್ಳುವ ಹುಲಿಗೇಶ, ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ. ಇಂಥ ಉರಿಬಿಸಿಲಲ್ಲಿ ಫ್ಯಾನಿಲ್ಲದೆ ಮನೆಯಲ್ಲಿ ಹೆಂಡತಿ ಮಮತಾ ಹೇಗೆ ಕೂತಾಳು?

"ಏನಲೇ, ಮನೀ ದರ್ಶನ ಆತೇನು?" ಜೊತೆಗೆ ಉಣ್ಣುತ್ತಿದ್ದ ಲಾಲ್‌ಸಾಬ್ ಕೆಣಕಿದ. "ಮಂದಿ ಹೆಂಡ್ತಿ ಫೋಟೋ ನೋಡ್ತಾರ, ನೀ ಪ್ಲಗ್ಗು ನೋಡ್ತಿ."

"ಬಾಯಿ ಮುಚ್ಚಲೇ."

ಮಸ್ಕಿಯ ಬಾಡಿಗೆ ಮನೆಯಲ್ಲಿ ಒಂದೊಂದಕ್ಕೂ ಸ್ಮಾರ್ಟ್ ಪ್ಲಗ್ಗು ಸಿಗಿಸಿದವನು ಅವನೇ. ಯಾವುದು ಎಷ್ಟು ಕರೆಂಟು ಕುಡಿಯುತ್ತದೆಂದು ಅದು ಮೊಬೈಲಿಗೆ ತೋರಿಸುತ್ತದೆ, ಕೂತಲ್ಲಿಂದಲೇ ಆರಿಸಲೂಬಹುದು. ರಿಮೋಟಿನಿಂದ ಬಂದ್ ಮಾಡಿದ ಮೇಲೂ ಟಿವಿ, ಬಾಕ್ಸು ಕಳ್ಳಬೆಕ್ಕಿನಂತೆ ನೆಕ್ಕುತ್ತಲೇ ಇರುತ್ತವೆಂದು ತಿಳಿದಾಗ ಅವನ ಮೈ ಉರಿದಿತ್ತು. ಸಣ್ಣವನಿದ್ದಾಗ ಕರೆಂಟು ಬಂತೆಂದರೆ ಅಪ್ಪ ಉಣ್ಣುವ ತಾಟು ಬಿಟ್ಟು ಹೊಲದ ಮೋಟಾರಿನ ಕಡೆ ಓಡುತ್ತಿದ್ದ. ಅಂಥ ಕರೆಂಟು ಯಾರಿಗೂ ದಕ್ಕದೆ ಸೋರುವುದೆಂದರೆ! ಕಲಿಯಲಿ ಅಂತ ಮಮತಾಳ ಮೊಬೈಲಿಗೂ ಅದೇ ಆ್ಯಪು ಹಾಕಿಕೊಟ್ಟಿದ್ದ. ಅವಳು ಅದನ್ನು ತೆರೆದೂ ನೋಡಲಿಲ್ಲ. ದಿನಾ ಸಂಜೆ ಬಾಕ್ಸಿನ ಪ್ಲಗ್ಗಿನ ಗುಂಡಿ ಒತ್ತಿ ಹಚ್ಚುವಳು. ಇವನು ಮಿಲ್ಲಿನಿಂದ ಆರಿಸುವನು.

ಫೋನು ಹಚ್ಚಿದ. "ಎಲ್ಲಿ ಅದೀ?"

"ತುರ್ವಿಹಾಳಕ್ಕ ಬಂದೀನ್ರಿ, ಅವ್ವನ ಮನಿಗೆ."

"ಯಾರ್ನ ಕೇಳಿ ಹೋದಿ?"

"ಯಾರ್ನ ಕೇಳ್ಲಿ? ಕೇಳಾಕ ಮನ್ಯಾಗ ಯಾರ ಅದಾರ?"

"ಟಿವಿ ಡಬ್ಬಿ ಬಂದ್ ಮಾಡಿದ್ದಕ್ಕ ಗಂಟು ಕಟ್ಟಾದೇನು?"

"ನಾ ಟಿವಿ ನೋಡಾಕ ಹಚ್ತಿದ್ದಿಲ್ರಿ. ಜೀರೋ ಬಲ್ಬು ಮೊದಲ ತಗದ್ರಿ. ಆ ಡಬ್ಬಿ ಕೆಂಪು ಚುಕ್ಕಿ ನೋಡ್ಕೋತ ಮಲಗ್ತಿದ್ದೆ. ಮನ್ಯಾಗ ಯಾರೋ ಎಚ್ಚರ ಅದಾರ ಅನಸ್ತಿತ್ತು. ಅದ್ನೂ ಆರಿಸಿದ್ರಿ." ಮೂಗು ಸೇದಿದಳು. "ನಿಮ್ಮ ವೈಫೈ ಡಬ್ಬಿ ಹಗಲೂ ರಾತ್ರಿ ಉರೀತದಲ್ಲ, ಅದಕ್ಯಾರು ಬೈತಾರ?"

"ಅದಿಲ್ದ ಪ್ಲಗ್ಗು ನಡ್ಯಾದಿಲ್ಲ!"

"ಹೌದು ಬಿಡ್ರಿ. ನಾ ಇಲ್ದಿದ್ರ ನಡೀತದ."

ಫೋನು ಕಟ್ಟಾಯಿತು. "ಹೋದ್ರ ಹೋಗ್ಲಿ!" ಎಂದು ಊಟದ ಡಬ್ಬಿಯ ಮುಚ್ಚಳ ಬೀಸಿ ಒಗೆದ. ಲಾಲ್‌ಸಾಬ್ ಅದನ್ನು ಎತ್ತಿ ತಂದು, ಧೂಳು ಒರೆಸಿ ಮುಂದಿಟ್ಟ. ಸಂಜೆಯ ಬಸ್ಸಿಗೆ ಹುಲಿಗೇಶ ಮಸ್ಕಿಗೆ ಹೊರಟ.

ಬೀಗದ ಕೈ ಮನೆಯೊಡತಿ ಗ್ಯಾನಮ್ಮನ ಹತ್ತಿರ ಇತ್ತು. "ನಾಕ್ ದಿನಕ್ಕ ಹೋದಂಗ ಕಾಣ್ಲಿಲ್ಲಪ್ಪ. ಟ್ರಂಕ್ ಒಯ್ದಾಳ," ಅಂದಳು.

ಒಳಕೋಣೆಯಲ್ಲಿ ಆಗಲೇ ಕತ್ತಲು. ಲೈಟು ಹಾಕದೆ ಅವಳು ಮಲಗುತ್ತಿದ್ದ ಚಾಪೆಯ ಮೇಲೆ ಉರುಳಿದ. ವಾರಕ್ಕೊಮ್ಮೆ ಬಂದು ಉಂಡು ಹೋಗುವವನಿಗೆ ಈ ಗೋಡೆಗಳು ಇಷ್ಟು ದೂರ ಅದಾವೆಂದು ಗೊತ್ತಿರಲಿಲ್ಲ. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ನಗುತ್ತಿದ್ದರು. ತುಸು ಹೊತ್ತಿಗೆ ಮೊಬೈಲು ತೆಗೆದು ಬಾಕ್ಸಿನ ಗುರುತು ಒತ್ತಿದ. ಟಿಕ್. ಗೋಡೆಯ ಬುಡದಲ್ಲಿ ಕೆಂಪು ಚುಕ್ಕಿ.

ಅದನ್ನೇ ನೋಡುತ್ತ ಮಲಗಿದ. ಟಿಕ್ ಎಂದು ಅದು ಆರಿತು.

ಅವನು ಮುಟ್ಟಿರಲಿಲ್ಲ. ಕರೆಂಟು ಹೋಯಿತೆನ್ನೋಣವೆಂದರೆ ಪಕ್ಕದ ಟಿವಿ ನಗುತ್ತಲೇ ಇತ್ತು. ಮಮತಾ ತುರ್ವಿಹಾಳದಲ್ಲಿ ಕೂತು ತನ್ನ ಮೊಬೈಲಿನಿಂದ ಆರಿಸಿದ್ದಳು. ಕಲಿತುಬಿಟ್ಟಿದ್ದಳು. ಸಿಟ್ಟು ನೆತ್ತಿಗೇರಿತು. ಬೈಯಲಿಕ್ಕೆಂದು ನಂಬರು ತೆಗೆದವನು, ಬಿಟ್ಟು, ಮತ್ತೆ ಬಾಕ್ಸನ್ನೇ ಹಚ್ಚಿದ. ಅವಳು ಆರಿಸಿದಳು. ಹಚ್ಚಿದ. ಆರಿಸಿದಳು.

ಆಮೇಲೆ ಒತ್ತಲಿಲ್ಲ. ಮೊಬೈಲನ್ನು ಅವಳ ದಿಂಬಿನ ಮೇಲೆ ಬೋರಲು ಹಾಕಿ, ಎದ್ದು ಕೂತು, ಮೊಣಕಾಲು ತಬ್ಬಿಕೊಂಡ. ಕತ್ತಲು ಹಾಗೇ ಇತ್ತು. ಪಕ್ಕದ ಮನೆಯವರು ಟಿವಿ ಬಂದ್ ಮಾಡಿ ತಾಟು ಹಾಕುವ ಸಪ್ಪಳ ಕೇಳಿಸಿತು.

ಟಿಕ್.

ಗೋಡೆಯ ಬುಡದಲ್ಲಿ ಕೆಂಪು ಚುಕ್ಕಿ ಕಣ್ಣು ತೆರೆದಿತ್ತು.